ಡ್ಯುಟೀರಿಯಂ ಕ್ಲೋರೋಫಾರ್ಮ್, 100 ಮಿಲಿಲೀಟರ್ ಸೀಸೆ: ನಾಲ್ಕು ತಿಂಗಳ ಬಳಕೆಯ ನಂತರ

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಂಕೇತ ಓದಿ ಅಣುವಿನ ರಚನೆ ತಿಳಿಯುವ ವಿಧಾನ) ಮಾದರಿಗಳಿಗಾಗಿ ನಮ್ಮ ಪ್ರಯೋಗಾಲಯಕ್ಕೆ ತರಿಸಿದ ಈ ಸೀಸೆಯ ಮೇಲೆ 99.8 ಎಂಬ ಅಂಕಿ ದಪ್ಪಕ್ಷರದಲ್ಲಿದೆ. ಹೈಡ್ರೋಜನ್ ಇರುವ ಸ್ಥಾನಗಳಲ್ಲಿ ಶೇ. 99.8ರಷ್ಟನ್ನು ಹೈಡ್ರೋಜನ್ನಿನ ಭಾರವಾದ ರೂಪವಾದ ಡ್ಯುಟೀರಿಯಂ ತುಂಬಿದೆ ಎಂಬುದಷ್ಟೇ ಅದರ ಅರ್ಥ. ನೀರು, ಆಮ್ಲ ಅಥವಾ ಬೇರೆ ದ್ರಾವಕಗಳು ಎಷ್ಟಿವೆ ಎಂಬುದನ್ನು ಅದು ಹೇಳುವುದಿಲ್ಲ.

ಆದ್ದರಿಂದ ಮುಚ್ಚಳ ತೆರೆದ ದಿನವೇ 0.6 ಮಿಲಿಲೀಟರ್ ದ್ರಾವಕವನ್ನು ಏನನ್ನೂ ಕರಗಿಸದೆ 5 ಮಿಲಿಮೀಟರ್ ಟ್ಯೂಬಿಗೆ ಹಾಕಿ, 400 ಮೆಗಾಹರ್ಟ್ಸ್ ಉಪಕರಣದಲ್ಲಿ ಪ್ರೋಟಾನ್ (ಸಾಮಾನ್ಯ ಹೈಡ್ರೋಜನ್) ರೋಹಿತ ತೆಗೆದೆ. 7.26 ಪಿಪಿಎಂನಲ್ಲಿ (ರೋಹಿತದಲ್ಲಿ ಪೀಕಿನ ಸ್ಥಾನ ಹೇಳುವ ಅಳತೆ) ಡ್ಯುಟೀರಿಯಂ ಸೇರದೆ ಉಳಿದ ಕ್ಲೋರೋಫಾರ್ಮ್, 1.56ರಲ್ಲಿ ಸ್ವಲ್ಪ ನೀರು, ಜೊತೆಗೆ 2.17ರಲ್ಲಿ ಇನ್ನೊಂದು ಪೀಕ್ ಕಂಡವು. ಗಾಟ್ಲೀಬ್, ಕೋಟ್ಲ್ಯಾರ್ ಮತ್ತು ನುಡೆಲ್‌ಮನ್ 1997ರಲ್ಲಿ ಪ್ರಕಟಿಸಿದ ಕಲ್ಮಶಗಳ ಪಟ್ಟಿಯ ಪ್ರಕಾರ ಅದು ಅಸಿಟೋನ್. ಟ್ಯೂಬ್ ಬದಲಿಸಿದಾಗ ಅದು ಮಾಯವಾಯಿತು. ತೊಳೆಯಲು ಬಳಸಿದ ಅಸಿಟೋನ್ ಹಳೆಯ ಟ್ಯೂಬಿನಲ್ಲಿ ಉಳಿದಿತ್ತು, ಸೀಸೆಯದು ತಪ್ಪಿರಲಿಲ್ಲ.

7.00 ಮತ್ತು 7.52ರ ಸುಮಾರಿಗೆ ಕಾಣುವ ಎರಡು ಪುಟ್ಟ ಪೀಕ್‌ಗಳೂ ಕಲ್ಮಶವಲ್ಲ. ಕಾರ್ಬನ್ನಿನ ಭಾರವಾದ ರೂಪವಾದ ಕಾರ್ಬನ್-13 ಪರಮಾಣುವಿರುವ ಕ್ಲೋರೋಫಾರ್ಮ್ ಅಣುಗಳಿಂದ ಬರುವ ಉಪಪೀಕ್‌ಗಳವು. ಅವುಗಳ ನಡುವಿನ ಅಂತರ ಯಾವ ಉಪಕರಣದಲ್ಲೂ ಸುಮಾರು 209 ಹರ್ಟ್ಸ್; ಅದನ್ನು ಉಪಕರಣದ ಮೆಗಾಹರ್ಟ್ಸ್ ಅಂಕಿಯಿಂದ ಭಾಗಿಸಿದರೆ ಪಿಪಿಎಂ ಅಂತರ ಸಿಗುತ್ತದೆ. ಅನುಮಾನವಿದ್ದವರು 600 ಮೆಗಾಹರ್ಟ್ಸ್ ಉಪಕರಣದಲ್ಲಿ ನೋಡಲಿ: ನಿಜವಾದ ಕಲ್ಮಶದ ಪೀಕ್ ತನ್ನ ಪಿಪಿಎಂ ಸ್ಥಾನದಲ್ಲೇ ನಿಲ್ಲುತ್ತದೆ, ಇವು 7.26ಕ್ಕೆ ಹತ್ತಿರ ಸರಿಯುತ್ತವೆ.

ಇಲ್ಲಿಯವರೆಗೆ ಸೀಸೆಯ ಬಗ್ಗೆ ನನಗೆ ದೂರಿರಲಿಲ್ಲ. ಮೂರನೆಯ ತಿಂಗಳಲ್ಲಿ, ಚೆನ್ನಾಗಿ ಶುದ್ಧೀಕರಿಸಿದ ಒಂದು ಅಸಿಟಾಲ್ (ಆಮ್ಲ ತಾಗಿದರೆ ಒಡೆಯುವ ಸಂಯುಕ್ತ) ಟ್ಯೂಬಿನಲ್ಲೇ ರಾತ್ರಿ ಕಳೆಯುವಷ್ಟರಲ್ಲಿ ಒಡೆದು, 9.8ರ ಹತ್ತಿರ ಆಲ್ಡಿಹೈಡಿನ ಪೀಕ್ ಮೂಡಿತು. ಅದೇ ದ್ರಾವಕವನ್ನು ಆಮ್ಲವನ್ನು ಹೀರುವ ಕ್ಷಾರೀಯ ಅಲ್ಯೂಮಿನಾ ಪುಡಿಯ ಮೂಲಕ ಹಾಯಿಸಿ ಬಳಸಿದಾಗ ಸಂಯುಕ್ತ ಹಾಗೆಯೇ ಉಳಿಯಿತು. ಬೆಳಕು ಮತ್ತು ಗಾಳಿ ತಾಗಿದ ಕ್ಲೋರೋಫಾರ್ಮಿನಲ್ಲಿ ಆಮ್ಲ ಹುಟ್ಟುತ್ತದೆ, ಆದರೆ ಅದರ ಪ್ರೋಟಾನು ನೀರಿನೊಂದಿಗೆ ವಿನಿಮಯಗೊಳ್ಳುವುದರಿಂದ ಅದಕ್ಕೆ ಪ್ರತ್ಯೇಕ ಪೀಕ್ ಸಿಗುವುದಿಲ್ಲ. ಖಾಲಿ ರೋಹಿತ ಎಷ್ಟೇ ಸ್ವಚ್ಛವಾಗಿ ಕಂಡರೂ ಆಮ್ಲವಿಲ್ಲವೆಂದು ನಂಬುವಂತಿಲ್ಲ. ಆಮ್ಲವನ್ನು ಹಿಡಿದಿಡಲು ಹಾಕುವ ಬೆಳ್ಳಿಯ ಹಾಳೆ ಈ ಸೀಸೆಯಲ್ಲಿರಲಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ದಿನನಿತ್ಯದ ಮಾದರಿಗಳಿಗೆ, ಬೇಗ ಮುಗಿಸುವ ಗುಂಪಿಗೆ, ಈ ಸೀಸೆ ಧಾರಾಳವಾಗಿ ಸಾಕು. ಆಮ್ಲಕ್ಕೆ ಒಡೆಯುವ ಅಸಿಟಾಲ್, ಇಮೀನ್, ಟ್ರೈಟಿಲ್ ಈಥರ್‌ಗಳೊಂದಿಗೆ ದುಡಿಯುವವರು ಒಂದೇ ಸಲಕ್ಕೆ ಮುಗಿಯುವ 0.75 ಮಿಲಿಲೀಟರ್ ಆಂಪೂಲ್‌ಗಳನ್ನು ಕೊಳ್ಳುವುದು ಒಳ್ಳೆಯದು, ಬೆಲೆ ಹೆಚ್ಚಾದರೂ ಸರಿ. ನಮ್ಮಲ್ಲಿ ಉಳಿದ ದ್ರಾವಕವನ್ನು ಈಗ ಕಂದು ಸೀಸೆಯಲ್ಲಿ, ಒಣ ಪೊಟ್ಯಾಷಿಯಂ ಕಾರ್ಬೊನೇಟಿನ ಮೇಲೆ, ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ.