ಇ.ಸಿ. ಕ್ಲೀನ್ ಇದೆ ಅಂತ ಪ್ಲಾಟ್ ಹಿಡಿಯುವ ಮುಂಚೆ, ಹೆಣ್ಣುಮಕ್ಕಳ ಸಹಿ ನೋಡಿ

ರಾಯಚೂರಿನ ಸುತ್ತ ಯಾವ ರಸ್ತೆ ಹಿಡಿದರೂ ಈಗ ಎರೆ ಹೊಲದಲ್ಲಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಯರಮರಸ್ ಕಡೆ ವಿಮಾನ ನಿಲ್ದಾಣ, ನಾಳೆ ಏಮ್ಸ್ ಬಂದರೆ ರೇಟು ಎರಡು ಪಟ್ಟು ಅಂತ ದಲ್ಲಾಳಿಗಳು ಹೇಳುತ್ತಾರೆ. ಮೊದಲ ಸಲ ಖಾಲಿ ಪ್ಲಾಟಿಗೆ ದುಡ್ಡು ಹಾಕಲು ಹೊರಟವರಿಗೆ ಒಂದು ಮಾತು: ಮಾರುವವರ ಮನೆಯ ಹೆಣ್ಣುಮಕ್ಕಳು ಸಹಿ ಹಾಕುತ್ತಾರಾ ಕೇಳಿ. ಇಲ್ಲ ಅಂದ್ರೆ ಬಯಾನ ಕೊಡಬೇಡಿ.

ನಾನು, ನನ್ನ ತಮ್ಮ ಸೇರಿ ಕೊಂಡದ್ದು 30×40 ಪ್ಲಾಟು. ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಇತ್ತು. ಲೇಔಟ್ ನಕ್ಷೆ ಮಂಜೂರಾಗಿತ್ತು. ಹಳೆಯ ಪಹಣಿ, ಇ.ಸಿ. (ಋಣಭಾರ ಪ್ರಮಾಣಪತ್ರ) ಎಲ್ಲಾ ತೆಗೆಸಿದೆವು. ಎಲ್ಲೂ ಸಾಲವಿಲ್ಲ, ತಕರಾರಿಲ್ಲ. ಹೊಲ ಮಾರಿದ ಅಣ್ಣ ತಮ್ಮಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಿ ಹೋದರು.

ಕಾಂಪೌಂಡಿಗೆ ಪಾಯ ತೆಗೆಯುವಾಗ ಒಬ್ಬ ಹೆಣ್ಣುಮಗಳು ಮಗನ ಬೈಕಿನ ಮೇಲೆ ಬಂದರು. ಬೈಯಲಿಲ್ಲ, ಕೂಗಾಡಲಿಲ್ಲ. ಸೀರೆ ಅಂಗಡಿಯ ಚೀಲದಿಂದ ಮಡಚಿ ಮಡಚಿ ಸವೆದ ಕಾಗದ ತೆಗೆದು ನನ್ನ ಕೈಗಿಟ್ಟರು. ಕೋರ್ಟಿನ ತಡೆಯಾಜ್ಞೆ. "ಅಣ್ಣಾ, ಇದು ನಮ್ಮಪ್ಪನ ಹೊಲ. ನಾವು ಮೂರು ಮಂದಿ ಅಕ್ಕತಂಗೇರು ಇದ್ದೀವಿ. ನಮಗ ಒಂದು ಮಾತೂ ಕೇಳಿಲ್ಲ" ಅಂದರು. ಗೌಂಡಿ ಕೆಲಸ ನಿಲ್ಲಿಸಿಬಿಟ್ಟ.

ಅಣ್ಣ ತಮ್ಮಂದಿರು ನಮಗೆ ತೋರಿಸಿದ್ದ ವಂಶಾವಳಿಯಲ್ಲಿ ಆ ಮೂವರ ಹೆಸರೇ ಇರಲಿಲ್ಲ. ನಮ್ಮ ಖರೀದಿಗೂ ಮೊದಲೇ ಆ ಅಕ್ಕತಂಗಿಯರು ಪಾಲಿನ ದಾವೆ ಹೂಡಿದ್ದರು. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಾಲನ್ನು ನುಂಗಿ ನಮಗೆ ಮಾರಿದವರ ಮೇಲೆ ಇದೆ.

ಕಾನೂನು ಆ ಅಕ್ಕತಂಗಿಯರ ಕಡೆಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ಪಾಲುಪತ್ರ ಇದ್ದರೆ ಮಾತು ಬೇರೆ. ಇದ್ದರೆ ಅದನ್ನೇ ಕೇಳಿ ನೋಡಿ. "ಅಪ್ಪ ಇದ್ದಾಗಲೇ ಬಾಯಿಮಾತಲ್ಲಿ ಪಾಲಾಗಿದೆ" ಅಂದರೆ ನಂಬಬೇಡಿ. ಮದುವೆಯಲ್ಲಿ ಬಂಗಾರ ಕೊಟ್ಟಿದ್ದೀವಿ ಅನ್ನೋದೂ ಅಷ್ಟೇ, ಅದರಿಂದ ಹಕ್ಕು ಹೋಗುವುದಿಲ್ಲ. ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಇಲ್ಲವೇ ಅವರೂ ಬಂದು ಖರೀದಿ ಪತ್ರಕ್ಕೆ ಸಹಿ ಹಾಕಬೇಕು.

ಹಾಗಾದರೆ ಇ.ಸಿ.ಯಲ್ಲಿ ದಾವೆ ಯಾಕೆ ಕಾಣಲಿಲ್ಲ? ಇ.ಸಿ. ತೋರಿಸುವುದು ನೋಂದಣಿಯಾದ ವ್ಯವಹಾರ ಮಾತ್ರ. ಸಿವಿಲ್ ಕೋರ್ಟಿನಲ್ಲಿ ನಡೆಯುವ ಕೇಸು ತಾನಾಗಿ ಅದರೊಳಗೆ ಬರುವುದಿಲ್ಲ. ಎನ್‌ಎ ಆದೇಶವೂ ನೆಲವನ್ನು ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸಲು ಕೊಟ್ಟ ಅನುಮತಿ ಅಷ್ಟೇ, ಮನೆಯೊಳಗಿನ ಪಾಲನ್ನು ಅದು ತೀರ್ಮಾನಿಸುವುದಿಲ್ಲ. ಇಷ್ಟಾದರೂ ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರು. ಗೊತ್ತಿರಲಿಲ್ಲ ಅಂದರೂ ಬಿಡುವುದಿಲ್ಲ.

ಅದಕ್ಕೇ ಕೋರ್ಟು ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಾಲೀಕರ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿಸಿ, ವರ್ಷ ಬದಲಾಯಿಸಿ ನೋಡಿ. ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅದನ್ನೂ ನೋಡಿ. ಎಲ್ಲಕ್ಕಿಂತ ಮೊದಲು ಹೊಲ ಯಾವ ಊರಿನದೋ ಆ ಊರಿಗೆ ಹೋಗಿ. ಕಟ್ಟೆ ಮೇಲೆ ಕೂತ ಹಿರಿಯರಿಗೆ "ಈ ಮನೆಯ ಹೆಣ್ಣುಮಕ್ಕಳನ್ನ ಎಲ್ಲಿಗೆ ಕೊಟ್ಟಾರ್ರಿ?" ಅಂತ ಕೇಳಿ. ಯಾವ ಕಚೇರಿಯೂ ಹೇಳದ್ದನ್ನು ಅವರು ಹೇಳುತ್ತಾರೆ.

"ತಕರಾರು ಬಂದರೆ ನಾವೇ ಬಗೆಹರಿಸುತ್ತೇವೆ" ಅಂತ ನಮ್ಮ ಖರೀದಿ ಪತ್ರದಲ್ಲೂ ಬರೆದಿದೆ. ಈಗ ಮಾರಿದವರು ಫೋನ್ ಎತ್ತುವುದಿಲ್ಲ. ಪೂರ್ತಿ ಹಣ ಬ್ಯಾಂಕಿನ ಮೂಲಕ ಹೋಗಿದ್ದೇ ನಮಗಿರುವ ಆಧಾರ. ಅರ್ಧ ನಗದು ಕೊಡಿ ಅಂತ ಅವರು ಬಹಳ ಕೇಳಿದ್ದರು, ಕೊಟ್ಟಿದ್ದರೆ ಅದಕ್ಕೆ ಲೆಕ್ಕವೇ ಇರುತ್ತಿರಲಿಲ್ಲ.

ಈಗಾಗಲೇ ಇಂಥ ಪ್ಲಾಟು ಕೊಂಡಿರುವವರು ಸುಮ್ನೆ ಕೂರಬೇಡಿ. ವಕೀಲರನ್ನು ಹಿಡಿದು, ಪಾಲಿನ ದಾವೆಯಲ್ಲಿ ನಿಮ್ಮನ್ನೂ ಪ್ರತಿವಾದಿಯಾಗಿ ಸೇರಿಸಿಕೊಳ್ಳಲು ಅರ್ಜಿ ಹಾಕಿಸಿ. ಮಾರಿದವನ ಪಾಲಿಗೆ ಬರುವ ಭಾಗದಲ್ಲೇ ನಮ್ಮ ಪ್ಲಾಟು ಬರಲಿ ಅಂತ ಕೋರ್ಟನ್ನು ಕೇಳಿಕೊಳ್ಳಲು ಅವಕಾಶವಿದೆ. ನಾವು ಈಗ ಅದೇ ಅರ್ಜಿ ಹಾಕಿದ್ದೇವೆ.