ರಬ್ಬರ್ ಸ್ಪೀಡ್ ಕುಶನ್: ಬಡಾವಣೆಯ ರಸ್ತೆಗೆ ತಕ್ಕದ್ದು, ಬೋಲ್ಟು ಸರಿಯಾಗಿ ಕೂತರೆ

ಬಡಾವಣೆಯ ರಸ್ತೆಯಲ್ಲಿ ವಾಹನಗಳ ವೇಗ ತಗ್ಗಿಸಲು ಬೋಲ್ಟು ಬಿಗಿದು ಕೂರಿಸುವ ರಬ್ಬರ್ ಸಾಮಾನು ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಹಾಸುವ ಹಳದಿ-ಕಪ್ಪು ಪಟ್ಟೆಯ ಹಂಪ್: ಸುಮಾರು 35 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ. ಇನ್ನೊಂದು, ನಡುವೆ ಜಾಗ ಬಿಟ್ಟು ಬಿಡಿಬಿಡಿಯಾಗಿ ಕೂರಿಸುವ ಅಗಲವಾದ ಸ್ಪೀಡ್ ಕುಶನ್.

ಮೊದಲನೆಯದು ಪಾರ್ಕಿಂಗ್ ಜಾಗಕ್ಕೆ ಸಾಕು, ರಸ್ತೆಗೆ ಬೇಡ. ಅಷ್ಟು ಕಿರಿದಾದ ಉಬ್ಬಿನ ಮೇಲೆ ಕಾರು ಜೋರಾಗಿ ಹೋದರೆ ಸಸ್ಪೆನ್ಷನ್ನೇ ಏಟನ್ನೆಲ್ಲ ನುಂಗಿಬಿಡುತ್ತದೆ, ಒಳಗೆ ಕೂತವರಿಗೆ ಹೆಚ್ಚೇನೂ ತಟ್ಟುವುದಿಲ್ಲ. ನಿಧಾನವಾಗಿ ಬರುವ ಸೈಕಲ್ಲಿನವರಿಗೆ ಮಾತ್ರ ಮಣಿಕಟ್ಟು, ಸೊಂಟ ಎರಡೂ ಅದುರುತ್ತವೆ. ಯಾರನ್ನು ತಡೆಯಬೇಕೋ ಅವರನ್ನು ಬಿಟ್ಟು, ಕಾಪಾಡಬೇಕಾದವರನ್ನೇ ಅದು ದಂಡಿಸುತ್ತದೆ.

ಕುಶನ್ನಿನ ಲೆಕ್ಕಾಚಾರವೇ ಬೇರೆ. ರಸ್ತೆಗೆ ಅಡ್ಡಲಾಗಿ ಅಗಲ 1.6ರಿಂದ 1.9 ಮೀಟರ್, ವಾಹನ ಸಾಗುವ ದಿಕ್ಕಿನಲ್ಲಿ ಉದ್ದ 2 ಮೀಟರಿಗಿಂತ ಹೆಚ್ಚು, ಎತ್ತರ 6.5ರಿಂದ 7.5 ಸೆಂ.ಮೀ. ಕಾರಿನ ಒಂದು ಬದಿಯ ಚಕ್ರಗಳಾದರೂ ಅದರ ಮೇಲೆ ಹತ್ತಲೇಬೇಕು. ಬಸ್ಸು, ಅಗ್ನಿಶಾಮಕ ವಾಹನಗಳ ಚಕ್ರಗಳ ನಡುವೆ ಅಂತರ ಹೆಚ್ಚಿರುವುದರಿಂದ ಅವು ಎರಡೂ ಪಕ್ಕದ ಇಳಿಜಾರನ್ನಷ್ಟೇ ಸವರಿಕೊಂಡು ಹೋಗುತ್ತವೆ. ಸೈಕಲ್ಲು ಪಕ್ಕದ ಸಂದಿಯಲ್ಲಿ ಸಲೀಸಾಗಿ ದಾಟುತ್ತದೆ, ಮಳೆನೀರೂ ಅಲ್ಲೇ ಚರಂಡಿಗೆ ಇಳಿಯುತ್ತದೆ.

ಆ ಸಂದಿಯೇ ಇದರ ಜೀವ. ಕುಶನ್ ಮತ್ತು ರಸ್ತೆಯಂಚಿನ ನಡುವೆ ಕನಿಷ್ಠ 75 ಸೆಂ.ಮೀ. ಇರಲಿ, ಒಂದು ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲೊಂದು ಕಾರು ನಿಂತಿತೋ, ಕೆಲಸ ಕೆಟ್ಟಿತು: ಸೈಕಲ್ಲು ನಡುರಸ್ತೆಗೆ ಬರಬೇಕಾಗುತ್ತದೆ. ಮುಂದೆ-ಹಿಂದೆ ಕೆಲವು ಮೀಟರ್ ದೂರ ಪಾರ್ಕಿಂಗ್ ನಿಷೇಧಿಸಿ, ಗುದ್ದಿದರೆ ಬಾಗಿ ಮತ್ತೆ ನೆಟ್ಟಗಾಗುವ ಪ್ಲಾಸ್ಟಿಕ್ ಕಂಬಗಳನ್ನು ನೆಡುವುದು ಒಳ್ಳೆಯದು. ಆದರೆ ಬೈಕು, ಸ್ಕೂಟರುಗಳೂ ಇದೇ ಸಂದಿಯಲ್ಲಿ ನುಗ್ಗುತ್ತವೆ. ಅವುಗಳ ವೇಗಕ್ಕೆ ಕುಶನ್ನಿನಲ್ಲಿ ಮದ್ದಿಲ್ಲ. ಬೈಕುಗಳದ್ದೇ ಕಾಟವಿರುವ ಶಾಲೆಯ ಮುಂದೆ, ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಚಪ್ಪಟೆ ದಾಟುಪಟ್ಟಿಯೇ ಬೇಕು. ಗಾಲಿಕುರ್ಚಿಯವರಿಗೂ ಅದೇ ಅನುಕೂಲ.

ಒಂದೇ ಕಡೆ ಹಾಕಿ ಸುಮ್ಮನಾದರೆ ದಾಟಿದ ಕೂಡಲೇ ಎಲ್ಲರೂ ಎಕ್ಸಿಲರೇಟರ್ ಒತ್ತುತ್ತಾರೆ. 60ರಿಂದ 80 ಮೀಟರಿಗೊಂದರಂತೆ ಸಾಲಾಗಿ ಹಾಕಿದರೆ ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಇಳಿಕೆ ಸಣ್ಣದಲ್ಲ: 50ರ ವೇಗದಲ್ಲಿ ಬರುವ ಕಾರಿನ ಚಲನಶಕ್ತಿ 30ರದ್ದರ ಸುಮಾರು 2.8 ಪಟ್ಟು. ಬೀದಿದೀಪದ ಬೆಳಕು ಬೀಳುವ ಕಡೆಯೇ ಕೂರಿಸಿ, ಮುಂಚೆಯೇ ಎಚ್ಚರಿಕೆ ಫಲಕ ಇರಲಿ. ತಿರುವು, ಮ್ಯಾನ್‌ಹೋಲ್, ಮನೆಗಳ ಗೇಟು ತಪ್ಪಿಸಿ.

ಹೆಚ್ಚಿನ ದೂರುಗಳ ಮೂಲ ಬೋಲ್ಟು. ಬಿಗಿದಂತೆ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ, ಕಾಂಕ್ರೀಟಿಗೆ ಹೊಂದುವ ಎಕ್ಸ್‌ಪ್ಯಾನ್ಷನ್ ಬೋಲ್ಟನ್ನೇ ಡಾಂಬರಿಗೂ ಹೊಡೆಯುತ್ತಾರೆ. ಬಿಸಿಲಿಗೆ ಡಾಂಬರು ಮೆತ್ತಗಾದಾಗ ಅದರ ಹಿಡಿತ ಸಡಿಲವಾಗುತ್ತದೆ, ವಾಹನಗಳು ಬ್ರೇಕ್ ಹಾಕಿದಾಗಲೆಲ್ಲ ಕುಶನ್ನಿನ ತುಂಡು ಅಲುಗಾಡುತ್ತದೆ, ಕೊನೆಗೆ ಬೋಲ್ಟಿನ ತಲೆ ಮೇಲೆದ್ದು ಟೈರು ಸೀಳುತ್ತದೆ. ಡಾಂಬರಿಗೆ ಉದ್ದನೆಯ ಬೋಲ್ಟು, ಜೊತೆಗೆ ತೂತಿನೊಳಗೆ ತುಂಬಿ ಬೋಲ್ಟನ್ನು ಹಿಡಿಸುವ ಕೆಮಿಕಲ್ ಆಂಕರ್ ಅಂಟು ಬೇಕು. ತೂತನ್ನು ಬೋಲ್ಟಿಗಿಂತ ಒಂದೆರಡು ಸೆಂ.ಮೀ. ಆಳಕ್ಕೆ ಕೊರೆದು, ಒಳಗಿನ ಪುಡಿಯನ್ನು ಬ್ರಷ್ ಮತ್ತು ಗಾಳಿಪಂಪಿನಿಂದ ಪೂರ್ತಿ ತೆಗೆಯಬೇಕು. ಪುಡಿ ಉಳಿದರೆ ಅಂಟು ಡಾಂಬರನ್ನು ಬಿಟ್ಟು ಪುಡಿಯನ್ನೇ ಹಿಡಿಯುತ್ತದೆ. ಅಂಟು ಗಟ್ಟಿಯಾದ ಮೇಲೇ ನಟ್ಟು ಬಿಗಿದು ವಾಹನ ಬಿಡಿ. ನಟ್ಟಿನ ತಲೆ ರಬ್ಬರಿನ ಮೇಲ್ಮೈಗಿಂತ ಒಳಗೇ ಇರಬೇಕು. ಕೆಲವು ವಾರಗಳ ನಂತರ ಎಲ್ಲವನ್ನೂ ಇನ್ನೊಮ್ಮೆ ಬಿಗಿಯಿರಿ.

ಕೊಳ್ಳುವಾಗ ಹಳದಿ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ. ಬರಿಯ ಪೇಂಟಾದರೆ ಟೈರಿನ ಉಜ್ಜಾಟಕ್ಕೆ ಬೇಗ ಹೋಗುತ್ತದೆ. ಅಚ್ಚಿನಲ್ಲೇ ಕೂರಿಸಿದ ಹಳದಿ ತುಂಡು ಮತ್ತು ಪ್ರತಿಫಲಕ ಇರುವುದನ್ನೇ ಆರಿಸಿ. ನಾಲ್ಕಾರು ತುಂಡು ಹೆಚ್ಚುವರಿಯಾಗಿ ತೆಗೆದಿಟ್ಟುಕೊಳ್ಳಿ, ಮೂಲೆಯ ತುಂಡುಗಳೇ ಮೊದಲು ಹರಿಯುವುದು. ರಸ್ತೆಗೆ ಮತ್ತೆ ಡಾಂಬರು ಹಾಕುವ ಮುನ್ನ ಬಿಚ್ಚಿ, ತುಂಡುಗಳಿಗೆ ಕ್ರಮಸಂಖ್ಯೆ ಬರೆದಿಟ್ಟರೆ ಅದೇ ಸೆಟ್ಟನ್ನು ಹೊಸ ತೂತುಗಳಲ್ಲಿ ಮತ್ತೆ ಕೂರಿಸಬಹುದು.