ಚೊಗರು ಕೈಗೆ ಟಚ್ ಸ್ಕ್ರೀನ್ ಕೀಬೋರ್ಡ್: ನನ್ನ ಓಟು ಹಳೆಯದಕ್ಕೆ

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಕೀಬೋರ್ಡ್ ಬಾಳಿಕೆ ಬರುವುದು ಕಷ್ಟ. ಥಂಡಿಗೆ ಕೀಗಳು ಕಚ್ಚಿಕೊಳ್ಳುತ್ತವೆ, ಸಂದಿಯಲ್ಲಿ ಇರುವೆ ಸೇರುತ್ತವೆ. ಮಳೆ ಮುಗಿಯಿತು ಅನ್ನುವಾಗ ಅಡಿಕೆ ಸುಲಿಗೆ ಶುರು. ಚೊಗರು, ಅಂದರೆ ಅಡಿಕೆಯ ಕಲೆ ಹಿಡಿಯುವ ರಸ, ಹತ್ತಿದ ಕೈಯಲ್ಲೇ ತೂಕ ಬರೆಯಬೇಕು. ಅದಕ್ಕೇ ಟಚ್ ಸ್ಕ್ರೀನ್ ಇರುವ ಆಲ್ ಇನ್ ಒನ್ ಕಂಪ್ಯೂಟರ್ ತಂದೆವು. ಗಾಜಾದರೆ ಒರೆಸಿದರಾಯಿತು, ಅಲ್ವಾ?

ವಿಂಡೋಸ್ 11ರ ಒಳಗೇ ಸ್ಕ್ರೀನ್ ಮೇಲೆ ಮೂಡುವ ಎರಡು ಕೀಬೋರ್ಡ್ ಇವೆ. ಟಚ್ ಕೀಬೋರ್ಡ್ ಮೊಬೈಲಿನದರ ಹಾಗೆ ಚಂದ. ಆನ್-ಸ್ಕ್ರೀನ್ ಕೀಬೋರ್ಡ್ ನೋಡಲು ಹಳೆ ಕಾಲದ್ದು. ನನಗೆ ಹಿಡಿಸಿದ್ದು ಈ ಹಳೆಯದೇ.

ಟಚ್ ಕೀಬೋರ್ಡ್ ಬೆರಳಿಗೆ ಹಿತ. ಆದರೆ ಬೇಕಾದಾಗ ಬರುವುದಿಲ್ಲ. ಬಾಕ್ಸ್ ಮುಟ್ಟಿದರೆ ಕರ್ಸರ್ ಮಿಣುಕುತ್ತದೆ, ಕೀಬೋರ್ಡ್ ನಾಪತ್ತೆ. ಕಾರಣ ನೋಡಿದರೆ, ಹಿಂದುಗಡೆ ಯುಎಸ್‌ಬಿಯಲ್ಲಿ ಸಿಕ್ಕಿಸಿದ್ದ ವೈರ್‌ಲೆಸ್ ರಿಸೀವರ್. ಕೀಬೋರ್ಡ್ ಅಟ್ಟದ ಮೇಲಿದ್ದರೂ ರಿಸೀವರ್ ಇದ್ದರೆ ಸಾಕು, ವಿಂಡೋಸ್ ಲೆಕ್ಕದಲ್ಲಿ ಕೀಬೋರ್ಡ್ ಇದೆ. ಮೌಸ್ ಕೂಡ ಅದರಲ್ಲೇ ನಡೆಯುವುದರಿಂದ ಕಿತ್ತಿಡುವ ಹಾಗೂ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್, ಅಲ್ಲಿ ಟೈಪಿಂಗ್, ಅದರೊಳಗೆ ಟಚ್ ಕೀಬೋರ್ಡ್‌ಗೆ ಹೋಗಿ ‘ಆಲ್ವೇಸ್’ ಮಾಡಿದೆ. ಬ್ರೌಸರ್‌ನಲ್ಲಿ ಸರಿಹೋಯಿತು. ನಮ್ಮ ಹಳೆಯ ಲೆಕ್ಕದ ಸಾಫ್ಟ್‌ವೇರ್ ಮಾತ್ರ ಜಗ್ಗಲಿಲ್ಲ. ಪ್ರತಿ ಸಲ ಟಾಸ್ಕ್‌ಬಾರ್‌ನ ಕೀಬೋರ್ಡ್ ಚಿತ್ರ ಮುಟ್ಟಿ ಕರೆಯಬೇಕು. ಕರೆದರೆ ಬರುತ್ತದೆ, ಮಾಮೂಲಿ ವಿನ್ಯಾಸದಲ್ಲಿ ಎಫ್ ಕೀಗಳನ್ನು (ಎಫ್1, ಎಫ್2 ಇತ್ಯಾದಿ) ಬಿಟ್ಟು! ವಿನ್ಯಾಸವನ್ನು ‘ಟ್ರೆಡಿಷನಲ್’ ಮಾಡಿಕೊಂಡರೆ ಎಸ್ಕೇಪ್, ಆಲ್ಟ್ ಸಿಗುತ್ತವೆ.

ಆನ್-ಸ್ಕ್ರೀನ್ ಕೀಬೋರ್ಡ್‌ಗೆ ಈ ಮುನಿಸಿಲ್ಲ. ಒಮ್ಮೆ ತೆರೆದರೆ ನಾವೇ ಮುಚ್ಚುವ ತನಕ ಇರುತ್ತದೆ. ತೆರೆಯುವ ಶಾರ್ಟ್‌ಕಟ್ ವಿಂಡೋಸ್, ಕಂಟ್ರೋಲ್, ಓ. ಕೀಬೋರ್ಡ್ ಕರೆಯಲು ಕೀಬೋರ್ಡ್ ಬೇಕು, ಏನು ಹೇಳೋಣ! ಟಾಸ್ಕ್‌ಬಾರ್‌ಗೆ ಪಿನ್ ಮಾಡಿಟ್ಟುಕೊಂಡಿದ್ದೇನೆ. ‘ಆಪ್ಷನ್ಸ್’ ಒತ್ತಿ ನ್ಯೂಮರಿಕ್ ಪ್ಯಾಡ್ ಆನ್ ಮಾಡಿದರೆ ಬಲಗಡೆ ಅಂಕಿಗಳು ಬರುತ್ತವೆ. ತೂಕ ಹೊಡೆಯಲು ಇದಕ್ಕಿಂತ ಸುಖ ಬೇರೆ ಇಲ್ಲ. ‘ಎಫ್ಎನ್’ ಮುಟ್ಟಿದರೆ ಮೇಲಿನ ಸಾಲು ಎಫ್ ಕೀಗಳಾಗುತ್ತದೆ. ಶೀಟಿನ ಕೊನೆಯ ಸಾಲು ಕೀಬೋರ್ಡ್ ಅಡಿಗೆ ಹೋದರೆ ‘ಡಾಕ್’ ಒತ್ತಿ, ಉಳಿದ ಕಿಟಕಿಗಳು ಮೇಲೆ ಸರಿದು ಜಾಗ ಬಿಡುತ್ತವೆ.

ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ವಿನ್ಯಾಸ ಹಾಕಿಕೊಂಡರೆ ಕೀಗಳ ಮೇಲೆ ಕನ್ನಡ ಅಕ್ಷರಗಳೇ ಮೂಡುತ್ತವೆ. ‘ಬೆಟ್ಟೆ’ (ಅಡಿಕೆಯ ಒಂದು ಬಗೆ) ಬರೆಯಲು ಬ, ಎತ್ವ, ಟ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಮತ್ತೆ ಟ, ಎತ್ವ. ಕಣ್ಣೆದುರೇ ಇರುವುದರಿಂದ ಬಾಯಿಪಾಠ ಬೇಡ. ನಮ್ಮ ಚಿಕ್ಕಮ್ಮ ಸುಲಿಯುವವರ ಹೆಸರುಗಳನ್ನು ಈಗ ತಾವೇ ಹಾಕುತ್ತಾರೆ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್‌ನಲ್ಲಿ ಆನ್‌ಬೋರ್ಡ್ ಎಂಬ ಸ್ಕ್ರೀನ್ ಕೀಬೋರ್ಡ್ ಕೂಡ ನೋಡಿದೆ. ಬೇಕಾದ ಗಾತ್ರಕ್ಕೆ ಎಳೆಯಬಹುದು. ಸಿಸ್ಟಮ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿ ವಿನ್ಯಾಸ ಆರಿಸಿದರೆ ಅದನ್ನೇ ತೋರಿಸುತ್ತದೆ. ಇದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಕೈ ಕುದುರಿದವರಿಗೆ ಹಬ್ಬ. ಆದರೆ ಲಿನಕ್ಸ್‌ನ ಹೊಸ ಪರದೆ ವ್ಯವಸ್ಥೆ ವೇಲ್ಯಾಂಡ್ ಇರುವ ಕಡೆ ಆನ್‌ಬೋರ್ಡ್ ಸರಿಯಾಗಿ ನಡೆಯುವುದಿಲ್ಲ. ನಮ್ಮ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನದು, ಹೊಸದು ಕೊಳ್ಳಲು ದುಡ್ಡಿಲ್ಲ. ಹಾಗಾಗಿ ಅದು ಅಲ್ಲಿಗೇ ನಿಂತಿತು.

ಬರೀ ಬ್ರೌಸರ್, ಯೂಟ್ಯೂಬ್ ಅನ್ನುವವರಿಗೆ ಟಚ್ ಕೀಬೋರ್ಡೇ ಸಾಕು. ಅಂಕಿ ಜಾಸ್ತಿ ಇದ್ದರೆ ಸುಮ್ನೆ ಹಳೆಯದನ್ನು ಪಿನ್ ಮಾಡಿ. ಉದ್ದನೆಯ ಅರ್ಜಿಗೆ ಮಾತ್ರ ಎರಡೂ ಬೇಡ. ನೆಟ್ಟಗೆ ನಿಂತ ಸ್ಕ್ರೀನ್ ಮೇಲೆ ಒಂದು ಪುಟ ಒತ್ತುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ.